ಮುಂಜಾನೆ ಪೂರಾ, ಮಧ್ಯಾಹ್ನ ಅರ್ಧ: ಬೆಟಗೇರಿಯ ಒಂದು ಲೇಸರ್ ಕಟರಿನ ಪ್ರಕರಣ

ಗದಗ-ಬೆಟಗೇರಿಯಲ್ಲಿ ಅಕ್ಕ, ತಮ್ಮ ಸೇರಿ ನಡೆಸುವ ಸಣ್ಣ ಕಾರ್ಯಾಗಾರವೊಂದರ ಯಂತ್ರದ ಕಥೆಯಿದು. ಲಗ್ನಪತ್ರಿಕೆ ಅಚ್ಚು ಹಾಕುವ ಮನೆತನ ಅವರದು. ಅಚ್ಚಿನ ಜೊತೆಗೆ ಇನ್ನೊಂದು ದುಡಿಮೆ ಇರಲಿ ಎಂದು ಲೇಸರ್ ಕಟರ್ ತಂದರು. ಮನೆ ಬಾಗಿಲಿನ ಹೆಸರಿನ ಫಲಕ, ಮದುವೆ ಮಂಟಪದ ಹಿಂಬದಿಗೆ ವಧು-ವರರ ಹೆಸರು, ಶಾಲೆಗಳ ಬಹುಮಾನದ ಫಲಕ, ಕಸೂತಿಯ ತೇರು-ಗೋಪುರಗಳ ಮಾದರಿ ಕೊರೆದ ತಟ್ಟೆಗಳು, ಹೀಗೆ ಕೆಲಸ ಬರುತ್ತದೆ. ಹೆಚ್ಚಿನದು 3 ಮಿ.ಮೀ. ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಮತ್ತು ಪ್ಲೈವುಡ್, ಅಲ್ಲಲ್ಲಿ ಅಕ್ರಿಲಿಕ್. ಯಂತ್ರವು ಕೆ40 ಎಂದು ಎಲ್ಲೆಡೆ ಕರೆಯುವ ಜಾತಿಯದು: ಲೇಸರ್ ಬೆಳಕು ಹುಟ್ಟುವ, ಕಾರ್ಬನ್ ಡೈಆಕ್ಸೈಡ್ ಅನಿಲದ 40 ವ್ಯಾಟಿನ ಗಾಜಿನ ಟ್ಯೂಬು, ಹಲಗೆ ಇಡಲು ಸುಮಾರು 300 ಮಿ.ಮೀ. ಅಗಲ, 200 ಮಿ.ಮೀ. ಉದ್ದದ ಬೆಡ್, ಟ್ಯೂಬನ್ನು ತಣಿಸುವ ನೀರಿಗೆ ಒಂದು ಬಕೆಟು, ಅದರಲ್ಲೊಂದು ಪಂಪು.

ಅಕ್ಕನ ದೂರು ಹೀಗಿತ್ತು. "ಮುಂಜಾನಿ ಚೊಲೊ ಕಟ್ ಆಗತೈತ್ರಿ ಅಣ್ಣಾರ. ಊಟ ಮಾಡಿ ಬರೂದ್ರಾಗ ಅದಕ್ಕ ಏನಾಗತೈತೊ, ಅರ್ಧಾಮರ್ಧಾ ಬಿಡತೈತಿ. ಬ್ಲೇಡ್ ಹಚ್ಚಿ ಬಿಡಿಸಾಕ ಹೋದ್ರ ಅಕ್ಷರದ ಕೊಂಬು ಮುರೀತಾವ." ತಮ್ಮನ ಖಾತ್ರಿ ಬೇರೆ: "ಮಧ್ಯಾಹ್ನ ಕರೆಂಟ್ ಡಿಮ್ ಇರ್ತೈತ್ರಿ, ಅದಕ್ಕ ಹಿಂಗ." ಯಂತ್ರ ನೋಡಿ ಹೋದ ಒಬ್ಬ ಮೆಕ್ಯಾನಿಕ್ ಟ್ಯೂಬೇ ಹೋಗಿದೆ ಎಂದಿದ್ದ. ಹೀಗಾಗಿ ಸ್ಟೆಬಿಲೈಜರ್ ವಿಚಾರಣೆ ನಡೆದಿತ್ತು, ಹೊಸ ಟ್ಯೂಬಿಗೆ ಹಣ ಹೊಂದಿಸುವುದೂ ನಡೆದಿತ್ತು. ನಡುವೆ ಮದುವೆಯ ಹಂಗಾಮು, ಆರ್ಡರ್ ಬಿಡುವಂತಿಲ್ಲ. ಕಟ್ ಆಗದಿದ್ದಾಗಲೆಲ್ಲ ಟ್ಯೂಬಿನ ಕರೆಂಟು ಏರಿಸುತ್ತ, ಅದನ್ನು ಅಳೆಯುವ ಮಿಲಿಆಂಪ್ ಮೀಟರಿನ ಮುಳ್ಳನ್ನು 18ರ ಆಚೆಗೆ ಒಯ್ದಿದ್ದರು. ಈ ಅಳತೆಯ ಟ್ಯೂಬಿಗೆ ಅದು ಮೇಲಿನ ಗಡಿ. ಅಲ್ಲಿಂದಾಚೆ ಬೆಳಕು ಅಷ್ಟೇನೂ ಹೆಚ್ಚುವುದಿಲ್ಲ. ಟ್ಯೂಬಿನ ಆಯುಷ್ಯ ಮಾತ್ರ ಬೇಗ ಸವೆಯುತ್ತದೆ.

ಇಂಥ ಕೆಲಸಕ್ಕೆ ಹೋದಾಗ ಮೊದಲು ನಾನು ಮಾಡುವುದು ಯಾವ ಸ್ಕ್ರೂವನ್ನೂ ಮುಟ್ಟಗೊಡದಿರುವುದು. "ಒಂದೇ ಸಮ ಕಟ್ ಆಗುವುದಿಲ್ಲ" ಎಂಬುದು ರೋಗದ ಹೆಸರಲ್ಲ. ಬೆಳಕನ್ನು ತಿರುಗಿಸುವ ಕನ್ನಡಿ ಓರೆಯಾಗಿದ್ದರೆ ಬೆಡ್ಡಿನ ಒಂದು ಮೂಲೆಯಲ್ಲಿ ಕಟ್ ಕೆಡುತ್ತದೆ. ನೀರು ಕಾದರೆ ಹೊತ್ತು ನೋಡಿಕೊಂಡು ಕೆಡುತ್ತದೆ. ಹಲಗೆ ಕೆಟ್ಟದ್ದಾದರೆ ಹಲಗೆಯ ಜೊತೆಗೇ ಕೆಡುಕೂ ಸರಿಯುತ್ತದೆ. ಪ್ರತಿಯೊಂದಕ್ಕೂ ಅದರದೇ ಗುರುತು ಇದೆ. ಗುರುತು ಓದುವ ಮೊದಲೇ ಕನ್ನಡಿ ತಿರುಗಿಸಿ, ಲೆನ್ಸ್ ಬಿಚ್ಚಿ, ವೇಗ ಬದಲಿಸಿದರೆ ಗುರುತೆಲ್ಲ ಅಳಿಸಿಹೋಗುತ್ತದೆ. ಆಮೇಲೆ ಯಾವುದರಿಂದ ಸರಿಯಾಯಿತೆಂದೂ ತಿಳಿಯುವುದಿಲ್ಲ, ಯಾವುದರಿಂದ ಕೆಟ್ಟಿತೆಂದೂ ತಿಳಿಯುವುದಿಲ್ಲ.

ಅಕ್ಕ ಕೆಟ್ಟ ತುಂಡುಗಳನ್ನು ಒಂದು ಚೀಲದಲ್ಲಿ ತುಂಬಿಟ್ಟಿದ್ದರು. ಆದರೆ ಯಾವುದು ಬೆಡ್ಡಿನ ಯಾವ ಭಾಗದ್ದು, ಯಾವ ಹೊತ್ತಿನದು ಎಂದು ಬರೆದಿರಲಿಲ್ಲ, ಹಾಗಾಗಿ ಅದು ನಮಗೆ ಉಪಯೋಗಕ್ಕೆ ಬರಲಿಲ್ಲ. ಹೊಸದಾಗಿ ಮಾಡಿದೆವು. ಕರೆಂಟನ್ನು 12 ಮಿಲಿಆಂಪಿಗೆ ಇಳಿಸಿ, ಬೆಡ್ಡಿನ ತುಂಬ ಒಂದೇ ಅಳತೆಯ ಸಣ್ಣ ಚೌಕಗಳನ್ನು ಒಂದೇ ವೇಗದಲ್ಲಿ ಕೊರೆಸಿ, ಪ್ರತಿ ಚೌಕದ ಮೇಲೆ ಪೆನ್ಸಿಲಿನಿಂದ ಜಾಗ, ಹೊತ್ತು, ಬಕೆಟ್ಟಿನ ನೀರಿನ ಬಿಸಿ ಬರೆದೆವು. ಮೀನಿನ ತೊಟ್ಟಿಗೆ ಹಾಕುವ ಡಿಜಿಟಲ್ ಥರ್ಮಾಮೀಟರ್ ಇದಕ್ಕೆ ಸಾಕು. ಇಲ್ಲಿ ಒಂದು ಮಾತು ಮುಖ್ಯ. ಪೂರಾ ಕಟ್ ಆಗುವಂತೆ ಕೊರೆಸಿದರೆ "ಆಯಿತು", "ಆಗಲಿಲ್ಲ" ಎಂಬ ಎರಡೇ ಉತ್ತರ ಸಿಗುತ್ತವೆ. ವೇಗ ಹೆಚ್ಚಿಸಿ, ಹಲಗೆಯ ಅರ್ಧದಷ್ಟೇ ಆಳಕ್ಕೆ ಇಳಿಯುವಂತೆ ಮಾಡಿದರೆ ಗೀರಿನ ಆಳವನ್ನು ವರ್ನಿಯರ್ ಕ್ಯಾಲಿಪರಿನ ಬಾಲದಿಂದ (ತುದಿಯಲ್ಲಿ ಹೊರಚಾಚುವ ಸಣ್ಣ ಕಡ್ಡಿಯಿಂದ) ಅಳೆಯಬಹುದು. ಆಗ ಎಲ್ಲಿ ಎಷ್ಟು ಕಡಿಮೆ ಎಂದು ಅಂಕಿಯಲ್ಲಿ ಕಾಣುತ್ತದೆ. ಈ ಅಳತೆಗೆ ನಾನು ಕಾಸ್ಟ್ ಅಕ್ರಿಲಿಕ್, ಅಂದರೆ ಅಚ್ಚಿಗೆ ಸುರಿದು ಮಾಡಿದ ಅಕ್ರಿಲಿಕ್ ಬಳಸುತ್ತೇನೆ. ಮರದ ಹಲಗೆಯಂತಲ್ಲ, ಅದರೊಳಗೆ ಗಂಟು, ಅಂಟು, ತೇವ ಯಾವುದೂ ಇರುವುದಿಲ್ಲ. ಆಳ ಬದಲಾದರೆ ಅದು ಯಂತ್ರದ್ದೇ.

ಉತ್ತರ ಅಚ್ಚುಕಟ್ಟಾಗಿ ಬಂತು, ಆದರೆ ಒಂದಲ್ಲ, ಎರಡು. ಮುಂಜಾನೆಯ ಅಕ್ರಿಲಿಕ್ಕಿನಲ್ಲಿ ಹಿಂದಿನ ಎಡಮೂಲೆಯ ಗೀರು ಆಳ, ಮುಂದಿನ ಬಲಮೂಲೆಯದು ತೀರ ಕಡಿಮೆ ಆಳ, ನಡುವಿನವು ಕ್ರಮವಾಗಿ ಇಳಿಯುತ್ತ ಬಂದಿದ್ದವು. ಮಧ್ಯಾಹ್ನದ ತುಂಡಿನಲ್ಲೂ ಅದೇ ಇಳಿಜಾರು, ಆದರೆ ಎಲ್ಲ ಗೀರುಗಳ ಆಳವೂ ಒಟ್ಟಾಗಿ ಕಡಿಮೆಯಾಗಿತ್ತು. ಅಂದರೆ ಜಾಗದ್ದೊಂದು ದೋಷ, ಹೊತ್ತಿನದೊಂದು ದೋಷ, ಎರಡೂ ಒಂದರ ಮೇಲೊಂದು ಕೂತಿದ್ದವು. ಮುಂಜಾನೆ ಟ್ಯೂಬಿನಲ್ಲಿ ಶಕ್ತಿ ಮಿಕ್ಕಿರುತ್ತಿದ್ದರಿಂದ ಬಲಮೂಲೆಯೂ ಹೇಗೋ ಕಟ್ ಆಗಿಬಿಡುತ್ತಿತ್ತು. ಮಧ್ಯಾಹ್ನ ಆ ಮಿಗಿಲು ಕರಗಿ, ಮೊದಲೇ ಸೊರಗಿದ್ದ ಮೂಲೆ ಕೈಬಿಡುತ್ತಿತ್ತು. ಮನೆಯವರ ಕಣ್ಣಿಗೆ ಬಿದ್ದದ್ದು ಹೊತ್ತಿನ ವ್ಯತ್ಯಾಸ ಮಾತ್ರ. ಮೂಲೆಯದು ಅದರ ಹಿಂದೆ ಅಡಗಿತ್ತು.

ಕರೆಂಟಿನ ಮಾತನ್ನು ಬೇಗ ಮುಗಿಸುತ್ತೇನೆ. ಮಿಲಿಆಂಪ್ ಮೀಟರು ಮುಂಜಾನೆಯೂ 12, ಮಧ್ಯಾಹ್ನವೂ 12, ಮುಳ್ಳು ನಡುಗಲಿಲ್ಲ. ಟ್ಯೂಬಿಗೆ ಹೈ ವೋಲ್ಟೇಜ್ ಕೊಡುವ ಪವರ್ ಸಪ್ಲೈ ಹೊರಗಿನ ವೋಲ್ಟೇಜು ಸ್ವಲ್ಪ ಇಳಿದರೂ ಒಳಗೆ ಕರೆಂಟು ಕಾಯ್ದುಕೊಳ್ಳುತ್ತದೆ. ಮುಳ್ಳು ಸ್ಥಿರವಾಗಿದ್ದೂ ಕಟ್ ಕೆಟ್ಟರೆ ಸಂಶಯ ಪಡಬೇಕಾದದ್ದು ನೀರು, ಕನ್ನಡಿ ಮತ್ತು ಲೆನ್ಸಿನ ಮೇಲೆ. ಮುಳ್ಳೇ ಕುಣಿಯುತ್ತಿದ್ದರೆ ಆಗ ಸಪ್ಲೈ ಕಡೆ ನೋಡಬೇಕು. ಸ್ಟೆಬಿಲೈಜರ್ ಖರೀದಿ ಅಲ್ಲಿಗೇ ನಿಂತಿತು. ಯಂತ್ರದ ಮೇಲೆ ಮಿಲಿಆಂಪ್ ಮೀಟರ್ ಇಲ್ಲದೆ ಬರೀ ಶೇಕಡಾ ತೋರಿಸುವ ಡಿಜಿಟಲ್ ಪಟ್ಟಿ ಇರುವವರು ಒಂದು ಮೀಟರ್ ಹಾಕಿಸಿಕೊಳ್ಳಿ, ಈ ಕಾರಣಕ್ಕಾಗಿಯೇ. ಆದರೆ ಆ ಕೆಲಸ ಬಲ್ಲವರೇ ಮಾಡಲಿ, ಟ್ಯೂಬಿನ ತಂತಿಯಲ್ಲಿ ಸಾವಿರಾರು ವೋಲ್ಟು ಇರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಲ ಹೊತ್ತು ಉಳಿದಿರುತ್ತದೆ.

ಈಗ ನೀರು. ಬಕೆಟ್ಟಿನಲ್ಲಿ 20 ಲೀಟರ್. ಮುಂಜಾನೆ 26 ಡಿಗ್ರಿ, ಮಧ್ಯಾಹ್ನ ಮೂರರ ಹೊತ್ತಿಗೆ 37. ಇದಕ್ಕೆ ಬಿಸಿಲೊಂದೇ ಕಾರಣವಲ್ಲ. ಇಂಥ ಟ್ಯೂಬಿಗೆ ಹೋಗುವ ವಿದ್ಯುತ್ತಿನ ಹತ್ತರಲ್ಲಿ ಒಂದು ಪಾಲು, ಹೆಚ್ಚೆಂದರೆ ಒಂದೂವರೆ ಪಾಲು ಬೆಳಕಾಗಿ ಹೊರಬರುತ್ತದೆ. ಉಳಿದದ್ದೆಲ್ಲ ಶಾಖವಾಗಿ ನೀರಿಗೆ ಇಳಿಯುತ್ತದೆ. ಸುಮಾರು 200 ವ್ಯಾಟ್ ಎಂದು ಹಿಡಿದರೆ ಗಂಟೆಗೆ 720 ಕಿಲೋಜೂಲ್. 20 ಲೀಟರ್ ನೀರು ಒಂದು ಡಿಗ್ರಿ ಏರಲು ಬೇಕಾದದ್ದು 84 ಕಿಲೋಜೂಲ್. ಲೇಸರ್ ಅರ್ಧ ಹೊತ್ತು ಮಾತ್ರ ಉರಿದರೂ ಗಂಟೆಗೆ ನಾಲ್ಕು ಡಿಗ್ರಿ ಏರಿತು. ಏಪ್ರಿಲ್ಲಿನಲ್ಲಿ ಗದಗಿನ ಕೋಣೆಯ ಗಾಳಿಯೇ 37-38 ಡಿಗ್ರಿ ಇರುವಾಗ ಆ ಬಿಸಿ ಹೋಗುವುದೆಲ್ಲಿಗೆ?

ಬಿಸಿಯಾದರೆ ಬೆಳಕು ಏಕೆ ಕುಗ್ಗಬೇಕು ಎಂದು ತಮ್ಮ ಕೇಳಿದ. ಒಳ್ಳೆಯ ಪ್ರಶ್ನೆ, ಇದರ ಉತ್ತರ ಗೊತ್ತಿದ್ದರೆ ನೀರಿನ ಬಗ್ಗೆ ಯಾರೂ ಉದಾಸೀನ ಮಾಡುವುದಿಲ್ಲ. ಈ ಲೇಸರನ್ನು 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಮಾಡಿ ತೋರಿಸಿದವರು ಕುಮಾರ್ ಪಟೇಲ್, ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿ ಪುಣೆಯಲ್ಲಿ ಇಂಜಿನಿಯರಿಂಗ್ ಓದಿದವರು. ಕಾರ್ಬನ್ ಡೈಆಕ್ಸೈಡ್ ಅಣು ಮೇಲಿನ ಶಕ್ತಿಮಟ್ಟದಿಂದ ಕೆಳಗಿನದಕ್ಕೆ ಇಳಿಯುವಾಗ 10.6 ಮೈಕ್ರೋಮೀಟರ್ ತರಂಗದ ಬೆಳಕು ಬಿಡುತ್ತದೆ. ಬೆಳಕು ಬೆಳೆಯಬೇಕಾದರೆ ಮೇಲಿನ ಮಟ್ಟದಲ್ಲಿ ಅಣುಗಳು ಹೆಚ್ಚು, ಕೆಳಗಿನದರಲ್ಲಿ ಕಡಿಮೆ ಇರಬೇಕು. ಅನಿಲ ಕಾದರೆ ಆ ಕೆಳಗಿನ ಮಟ್ಟ ಬರೀ ಶಾಖದಿಂದಲೇ ತುಂಬತೊಡಗುತ್ತದೆ. ಇಳಿಯಲು ಜಾಗವಿಲ್ಲದಂತಾಗಿ ಬೆಳಕು ಸೊರಗುತ್ತದೆ. ಕರೆಂಟು ಅಷ್ಟೇ ಹರಿಯುತ್ತಿರುತ್ತದೆ, ಮೀಟರಿಗೆ ಏನೂ ತಿಳಿಯುವುದಿಲ್ಲ. ಆಗ ಕರೆಂಟು ಏರಿಸಿದರೆ ಇನ್ನಷ್ಟು ಶಾಖ, ಇನ್ನಷ್ಟು ಸೊರಗು. ಇವರು ಮಧ್ಯಾಹ್ನದ ಹೊತ್ತು ಮಾಡುತ್ತಿದ್ದದ್ದು ಅದನ್ನೇ.

ಫ್ಯಾನು, ರೇಡಿಯೇಟರ್ ಇರುವ ಅಗ್ಗದ ಕೂಲರ್ ತರೋಣವೇ ಎಂದು ಕೇಳಿದರು. ಬೇಡವೆಂದೆ. ಅದು ನೀರನ್ನು ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ನಮ್ಮ ಬೇಸಿಗೆಯಲ್ಲಿ 38ರ ಗಾಳಿಗೆ 38ರ ಮೇಲಿನ ನೀರೇ ಗತಿ. ಕಂಪ್ರೆಸರ್ ಇರುವ ಚಿಲ್ಲರ್ ಸರಿಯಾದದ್ದು, ಬೆಲೆ ಜಾಸ್ತಿ. ಅಲ್ಲಿಯವರೆಗೆ ದೊಡ್ಡ ಡ್ರಮ್ಮು ಇಟ್ಟು ನೀರು ಮೂರು ಪಟ್ಟು ಮಾಡಿದೆವು, ಸುತ್ತ ಥರ್ಮಾಕೋಲ್ ಹೊದಿಸಿದೆವು, ಫ್ರಿಜ್ಜಿನಲ್ಲಿ ಹೆಪ್ಪುಗಟ್ಟಿಸಿದ ಒಂದು ಲೀಟರಿನ ಬಾಟಲಿಗಳನ್ನು ಸರದಿಯಲ್ಲಿ ಇಳಿಬಿಟ್ಟೆವು. ಅಂಥ ಒಂದು ಬಾಟಲಿ ಕರಗಿ 20 ಡಿಗ್ರಿಗೆ ಬರುವಷ್ಟರಲ್ಲಿ ಸುಮಾರು 400 ಕಿಲೋಜೂಲ್ ಹೀರುತ್ತದೆ, ಅಂದರೆ ಇವರ ಕೆಲಸಕ್ಕೆ ಗಂಟೆಗೊಂದು ಬಾಟಲಿ ಸಾಕು. ನೀರು ಈಗ 20-24ರ ನಡುವೆ ನಿಲ್ಲುತ್ತದೆ. ಹಳೆಯ ಬಕೆಟ್ಟಿನಲ್ಲಿದ್ದದ್ದು ಬೋರಿನ ಸವಳು ನೀರು, ಪೈಪಿನ ಒಳಗೆ ಪಾಚಿ, ಟ್ಯೂಬಿನ ಗಾಜಿನ ಒಳಮೈಗೆ ಬಿಳಿ ಪೊರೆ. ಆ ಪೊರೆ ಶಾಖವನ್ನು ತಡೆಯುತ್ತದೆ. ಈಗ ಡಿಸ್ಟಿಲ್ಡ್ ವಾಟರ್ ಮಾತ್ರ.

ಇನ್ನು ಮೂಲೆಯ ದೋಷ. ನನಗೆ ಹೆಚ್ಚು ಹೊತ್ತು ಹಿಡಿದದ್ದೂ ಇದೇ, ಇಂಥ ಯಂತ್ರ ಇಟ್ಟುಕೊಂಡವರು ಕೈಯಾರೆ ಕಲಿಯಬೇಕಾದದ್ದೂ ಇದೇ.

ಟ್ಯೂಬು ಹಿಂಬದಿಯಲ್ಲಿ ಅಡ್ಡ ಮಲಗಿರುತ್ತದೆ. ಬೆಳಕು ಎಡಕ್ಕೆ ಹೊರಟು ಹಿಂದಿನ ಎಡಮೂಲೆಯ ಮೊದಲ ಕನ್ನಡಿಗೆ ಬಡಿದು ಮುಂದಕ್ಕೆ ತಿರುಗುತ್ತದೆ. ಹಿಂದೆ-ಮುಂದೆ ಓಡಾಡುವ ಅಡ್ಡಪಟ್ಟಿಯ ಎಡತುದಿಯಲ್ಲಿರುವ ಎರಡನೆಯ ಕನ್ನಡಿಗೆ ಬಡಿದು ಬಲಕ್ಕೆ ತಿರುಗುತ್ತದೆ. ಆ ಪಟ್ಟಿಯ ಮೇಲೆ ಎಡಬಲ ಓಡಾಡುವ ಹೆಡ್ಡಿನಲ್ಲಿರುವ ಮೂರನೆಯ ಕನ್ನಡಿ ಅದನ್ನು ಕೆಳಗೆ ಲೆನ್ಸಿಗೆ ಇಳಿಸುತ್ತದೆ. ಹೆಡ್ಡು ಹಿಂದಿನ ಎಡಮೂಲೆಯಲ್ಲಿದ್ದಾಗ ದಾರಿ ಚಿಕ್ಕದು. ಮುಂದಿನ ಬಲಮೂಲೆಗೆ ಹೋದರೆ ದಾರಿ ಸುಮಾರು 500 ಮಿ.ಮೀ. ಉದ್ದವಾಗುತ್ತದೆ. ಕನ್ನಡಿ ಕಾಲು ಡಿಗ್ರಿ ಓರೆಯಾದರೆ ಬೆಳಕು ಅರ್ಧ ಡಿಗ್ರಿ ಓರೆಯಾಗುತ್ತದೆ, 500 ಮಿ.ಮೀ. ಆಚೆ ಅದು ನಾಲ್ಕು ಮಿ.ಮೀ. ಮೀರಿ ಪಕ್ಕಕ್ಕೆ ಸರಿದಿರುತ್ತದೆ. ಬೆಳಕಿನ ದಪ್ಪವೇ ಹೆಚ್ಚುಕಡಿಮೆ ಅಷ್ಟು. ಅರ್ಧ ಬೆಳಕು ಲೆನ್ಸಿನ ಅಂಚಿಗೋ, ಬೆಳಕು ಹೊರಬೀಳುವ ನಳಿಕೆಯ ಒಳಗೋಡೆಗೋ ಬಡಿದು ಹೋಗುತ್ತದೆ. ಗೀರಿನ ಆಳದ ಇಳಿಜಾರು ನಿಖರವಾಗಿ ಈ ದಾರಿಯ ಉದ್ದವನ್ನೇ ಹಿಂಬಾಲಿಸಿತ್ತು. ಅದಕ್ಕೇ ಟ್ಯೂಬಿನ ಮೇಲೆ ನನಗೆ ಸಂಶಯ ಉಳಿಯಲಿಲ್ಲ: ಟ್ಯೂಬು ಸತ್ತಿದ್ದರೆ ಎಲ್ಲ ಮೂಲೆಗಳೂ ಒಂದೇ ಸಮ ಸೊರಗಬೇಕಿತ್ತು.

ಕನ್ನಡಿಗೆ ಕೈ ಹಾಕುವ ಮೊದಲು ಯಂತ್ರದ ಮೈ ನೋಡಿದೆ. ಮುಚ್ಚಳದ ಬಲ ಮುಂಭಾಗದ ಮೂಲೆ ಸರಿಯಾಗಿ ಕೂಡದೆ ಒಂದೆರಡು ಮಿ.ಮೀ. ಎದ್ದಿತ್ತು. ತೆಳು ತಗಡಿನ ಪೆಟ್ಟಿಗೆ ತಿರುಚಿಕೊಂಡಿದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಮದುವೆ ಕೆಲಸ ಹೆಚ್ಚಾದಾಗ ಯಂತ್ರವನ್ನು ಒಳಗಿನಿಂದ ಪಡಸಾಲೆಗೆ ಸಾಗಿಸಿದ್ದರು. ಅಲ್ಲಿ ಹಳೆಯ ಶಹಾಬಾದ್ ಫರಸಿಯ ನೆಲ, ಮೇಜಿನ ಒಂದು ಕಾಲು ಎರಡು ಫರಸಿಗಳ ನಡುವಿನ ತಗ್ಗಿನಲ್ಲಿತ್ತು. ಕಾಲಿಗೆ ಆಪು ಕೊಟ್ಟು, ಸ್ಪಿರಿಟ್ ಲೆವೆಲ್ ಇಟ್ಟು ಮಟ್ಟ ಮಾಡಿದ ಕೂಡಲೇ ಮುಚ್ಚಳ ತಾನಾಗಿ ಕೂತಿತು. ಬಲಮೂಲೆಯ ಗೀರೂ ಸ್ವಲ್ಪ ಆಳವಾಯಿತು. ಪೆಟ್ಟಿಗೆ ತಿರುಚಿದ್ದಾಗಲೇ ಕನ್ನಡಿ ಹೊಂದಿಸಿದ್ದರೆ, ಮೇಜು ಅಲುಗಿದ ದಿನವೇ ಎಲ್ಲ ಮತ್ತೆ ಕೆಡುತ್ತಿತ್ತು.

ಆಮೇಲೆ ಟೇಪಿನ ಪರೀಕ್ಷೆ. ಎರಡನೆಯ ಕನ್ನಡಿಯ ಚೌಕಟ್ಟಿಗೆ ಮಾಸ್ಕಿಂಗ್ ಟೇಪ್ ಹಚ್ಚಿ, ಅಡ್ಡಪಟ್ಟಿಯನ್ನು ಹಿಂದಕ್ಕೆ ತಳ್ಳಿ, ಕಡಿಮೆ ಕರೆಂಟಿನಲ್ಲಿ ಟೆಸ್ಟ್ ಬಟನ್ ಕ್ಷಣಮಾತ್ರ ಒತ್ತಿದರೆ ಕಂದು ಚುಕ್ಕೆ ಬೀಳುತ್ತದೆ. ಪಟ್ಟಿಯನ್ನು ಪೂರ್ತಿ ಮುಂದಕ್ಕೆ ತಂದು ಅದೇ ಟೇಪಿನ ಮೇಲೆ ಮತ್ತೊಂದು ಚುಕ್ಕೆ. ಎರಡೂ ಒಂದರ ಮೇಲೊಂದು ಬೀಳುವವರೆಗೆ ಮೊದಲ ಕನ್ನಡಿಯ ಸ್ಕ್ರೂಗಳನ್ನು ಕೂದಲೆಳೆಯಷ್ಟು ತಿರುಗಿಸುತ್ತ ಹೋಗಬೇಕು. ಹಲವರು ಚುಕ್ಕೆಯನ್ನು ಕನ್ನಡಿಯ ನಡುವಿಗೆ ತರಲು ಹೆಣಗುತ್ತಾರೆ. ಮೊದಲು ಬೇಕಾದದ್ದು ನಡುವಲ್ಲ. ಹತ್ತಿರದ ಚುಕ್ಕೆ, ದೂರದ ಚುಕ್ಕೆ ಒಂದಾಗಬೇಕು, ಅಷ್ಟಾದರೆ ಬೆಳಕು ಹಳಿಗೆ ಸಮಾನಾಂತರ ಓಡುತ್ತಿದೆ ಎಂದರ್ಥ. ನಡುವಿಗೆ ತರುವುದು ಆಮೇಲಿನ ಕೆಲಸ; ಅದಕ್ಕೆ ಟ್ಯೂಬಿನ ಎತ್ತರವನ್ನೋ ಕನ್ನಡಿಯ ಕೂರುವ ಜಾಗವನ್ನೋ ಬದಲಿಸಬೇಕು. ಎರಡನೆಯ ಕನ್ನಡಿಗೂ ಹೀಗೆಯೇ, ಹೆಡ್ಡನ್ನು ಎಡಕ್ಕೂ ಬಲಕ್ಕೂ ಒಯ್ದು. ಕೊನೆಗೆ ನಳಿಕೆಯ ಬಾಯಿಗೆ ಟೇಪ್ ಹಚ್ಚಿ ನೋಡಿದಾಗ ಇಲ್ಲಿ ಬಿದ್ದದ್ದು ಅರ್ಧಚಂದ್ರ. ಬೆಳಕು ನಳಿಕೆಯ ಗೋಡೆಯನ್ನು ಸವರುತ್ತಿತ್ತು. ಮೂರನೆಯ ಕನ್ನಡಿ ಹೊಂದಿಸಿದ ಮೇಲೆ ದುಂಡು ಚುಕ್ಕೆ ಬಂತು. ಮೊದಲ ಕನ್ನಡಿಯ ಲಾಕ್ ನಟ್ಟು ಬೆರಳಿಗೇ ತಿರುಗುವಷ್ಟು ಸಡಿಲಿತ್ತು. ಬಿಗಿ ಮಾಡಿ, ಬಿಗಿ ಮಾಡುವಾಗ ಸರಿಯಿತೇ ಎಂದು ಇನ್ನೊಮ್ಮೆ ಚುಕ್ಕೆ ನೋಡಿ ಬಿಟ್ಟೆವು.

ಈ ಕೆಲಸದಲ್ಲಿ ಬೆಳಕು ಕಣ್ಣಿಗೆ ಕಾಣುವುದಿಲ್ಲ ಎಂಬುದನ್ನು ಒಂದು ಕ್ಷಣವೂ ಮರೆಯಬಾರದು. ಚುಕ್ಕೆ ಹಾಕುವಾಗ ಪ್ರತಿ ಸಲ ಮುಚ್ಚಳ ಹಾಕಿಯೇ ಬಟನ್ ಒತ್ತಬೇಕು, 10.6 ಮೈಕ್ರೋಮೀಟರಿಗೆಂದೇ ಇರುವ ಕನ್ನಡಕ ಹಾಕಿಕೊಳ್ಳಬೇಕು. ಅಕ್ಕನ ಸಣ್ಣ ಮಗ ಪಕ್ಕದಲ್ಲಿ ನಿಂತು ನೋಡುತ್ತಿದ್ದ; ಅವನನ್ನು ಹೊರಗೆ ಕಳಿಸಿದ ಮೇಲೆಯೇ ಶುರು ಮಾಡಿದ್ದು.

ಲೆನ್ಸ್ ಬಿಚ್ಚಿದಾಗ ಹೊಗೆಯ ಕಂದು ಪೊರೆ. ಐಸೋಪ್ರೊಪೈಲ್ ಆಲ್ಕೋಹಾಲ್ ಮತ್ತು ಹತ್ತಿಯಿಂದ ಮೆಲ್ಲಗೆ ಒರೆಸಿ, ಉಬ್ಬಿದ ಮುಖ ಮೇಲಿರುವಂತೆ ಕೂರಿಸಿದೆವು. ಹಳದಿ ಬಣ್ಣದ ಈ ಲೆನ್ಸ್ ಜಿಂಕ್ ಸೆಲೆನೈಡಿನದು. ಒಡೆದರೆ ಚೂರನ್ನು ಬರಿಗೈಯಲ್ಲಿ ಮುಟ್ಟಬಾರದು, ಅದು ವಿಷ. 50.8 ಮಿ.ಮೀ. ಫೋಕಸ್ಸಿನ ಈ ಲೆನ್ಸಿನಲ್ಲಿ ಬೆಳಕು ಚೆನ್ನಾಗಿ ಮೊನಚಾಗಿರುವ ಎತ್ತರ ಒಟ್ಟು ಎರಡೂವರೆ, ಮೂರು ಮಿ.ಮೀ. ಮಾತ್ರ. ಗೋಡೆಗೆ ಆನಿಸಿಟ್ಟ ಎಂಡಿಎಫ್ ಅದಕ್ಕಿಂತ ಹೆಚ್ಚು ಬಾಗಿರುತ್ತದೆ. ಹಲಗೆಗಳನ್ನು ಮಲಗಿಸಿಡಲು ಹೇಳಿ, ಬೆಡ್ಡಿನ ಮೇಲೆ ಮ್ಯಾಗ್ನೆಟ್ ಇಟ್ಟು ಒತ್ತಿ ಹಿಡಿಯುವ ರೂಢಿ ಹಾಕಿಸಿದೆ. ಹಳಿಗಳ ಮೇಲಿನ ತುಕ್ಕಿನ ಕಾರಣ ಕೇಳಿದಾಗ, ಗಿರಾಕಿಯೊಬ್ಬರು ತಂದ ಸನ್‌ಬೋರ್ಡ್ ಕಟ್ ಮಾಡಿದ್ದು ಹೊರಬಂತು. ಅದು ಪಿವಿಸಿ ಎಂಬ ಪ್ಲಾಸ್ಟಿಕ್. ಲೇಸರಿಗೆ ಸಿಕ್ಕರೆ ಹೈಡ್ರೋಜನ್ ಕ್ಲೋರೈಡ್ ಎಂಬ ಆಮ್ಲದ ಅನಿಲ ಬಿಡುತ್ತದೆ, ಕಬ್ಬಿಣಕ್ಕಿಂತ ಮೊದಲು ಪುಪ್ಪುಸಕ್ಕೆ ಕೇಡು. ಯಾರು ಎಷ್ಟು ಕೊಟ್ಟರೂ ಆ ಕೆಲಸ ಹಿಡಿಯಬೇಡಿ ಎಂದೆ, ಅಕ್ಕ ಒಪ್ಪಿದರು.

ಇಷ್ಟಾದ ಮೇಲೆ ಅಕ್ರಿಲಿಕ್ಕಿನ ಗೀರು ನಾಲ್ಕೂ ಮೂಲೆಯಲ್ಲಿ ಹೆಚ್ಚುಕಡಿಮೆ ಒಂದೇ ಆಳ, ಮುಂಜಾನೆ-ಮಧ್ಯಾಹ್ನವೂ ಅಷ್ಟೇ. ಎಂಡಿಎಫ್ 12 ಮಿಲಿಆಂಪಿನಲ್ಲಿ ಬಿಡಿಸಿಕೊಂಡು ಬಿತ್ತು. ಆದರೆ ಪ್ಲೈವುಡ್ಡಿನಲ್ಲಿ ಇನ್ನೂ ಅಲ್ಲೊಂದು ಇಲ್ಲೊಂದು ಕಡೆ ಅಂಟಿಕೊಂಡೇ ಉಳಿಯುತ್ತಿತ್ತು. "ಮತ್ತ ಸುರು ಆತಲ್ರಿ" ಎಂದು ತಮ್ಮ ಮುಖ ಸಣ್ಣ ಮಾಡಿದ.

ಇಲ್ಲಿ ಹಲಗೆ ತಿರುಗಿಸುವ ಪರೀಕ್ಷೆ. ಒಂದೇ ಸಾಲಿನ ಚೌಕಗಳನ್ನು ಕೊರೆಸಿ, ಎಲ್ಲಿ ಬಿಟ್ಟಿತೆಂದು ಗುರುತು ಹಾಕಿ, ಹಲಗೆಯನ್ನು ಮಗುಚದೆ, ಮಲಗಿದ್ದಂತೆಯೇ ಅರ್ಧ ಸುತ್ತು ತಿರುಗಿಸಿ ಆ ಗೀರುಗಳ ಪಕ್ಕದಲ್ಲೇ ಮತ್ತೆ ಕೊರೆಸುವುದು. ಕೆಡುಕು ಬೆಡ್ಡಿನ ಅದೇ ಜಾಗದಲ್ಲಿ ಉಳಿದರೆ ಯಂತ್ರದ್ದು, ಹಲಗೆಯ ಜೊತೆ ತಿರುಗಿದರೆ ಹಲಗೆಯದು. ತಿರುಗಿತು. ಒಳಪದರದಲ್ಲಿ ಗಂಟು, ಸಂದು ತುಂಬಿದ ಪುಟ್ಟಿ; ಅದಕ್ಕಿಂತ ಹೆಚ್ಚಾಗಿ ಅಂಟು. "ವಾಟರ್‌ಪ್ರೂಫ್ ಐತಿ, ಚೊಲೊ ಮಾಲು" ಎಂದು ಹೆಚ್ಚು ಬೆಲೆ ಕೊಟ್ಟು ತಂದದ್ದು ಅದು. ನೀರಿಗೆ ತಡೆಯುವ ಪ್ಲೈವುಡ್ಡಿನಲ್ಲಿ, ಐಎಸ್ 710 (ಭಾರತೀಯ ಮಾನಕ) ಗುರುತಿನ ಮರೈನ್ ಪ್ಲೈಯಲ್ಲೂ, ಹಾಕುವುದು ಫಿನಾಲಿನ ಅಂಟು. ಲೇಸರಿನಲ್ಲಿ ಅದು ಆವಿಯಾಗದೆ ಇದ್ದಿಲಾಗಿ ನಿಂತು ಕೆಳಗಿನ ಪದರಕ್ಕೆ ಬೆಳಕು ತಲುಪಗೊಡುವುದಿಲ್ಲ. ಐಎಸ್ 303ರ ಎಂಆರ್ (ತೇವವನ್ನಷ್ಟೇ ತಡೆಯುವ) ದರ್ಜೆಯ ಸಾದಾ ಪ್ಲೈಯಲ್ಲಿ ಯೂರಿಯಾದ ಅಂಟು ಇರುತ್ತದೆ, ಲೇಸರಿಗೆ ಅದೇ ಮೇಲು. ಕಟ್ಟಡಕ್ಕೆ ಒಳ್ಳೆಯ ಹಲಗೆ ಈ ಯಂತ್ರಕ್ಕೆ ಒಳ್ಳೆಯದಲ್ಲ. ಉಳಿದಿದ್ದ ವಾಟರ್‌ಪ್ರೂಫ್ ಹಲಗೆಗಳನ್ನು ಕೆತ್ತನೆ ಕೆಲಸಕ್ಕೆ ತೆಗೆದಿಟ್ಟು, ಹೊಸ ಮಾಲು ಬಂದಾಗ ಹಲಗೆಗೊಂದು ಮೂಲೆಯಲ್ಲಿ ಸಣ್ಣ ಚೌಕ ಕೊರೆಸಿ ನೋಡಿಯೇ ಆರ್ಡರಿಗೆ ಬಳಸುವುದೆಂದಾಯಿತು.

ಹೊಗೆಯ ವಿಷಯ ಪೂರ್ತಿ ಬಗೆಹರಿದಿಲ್ಲ. ಫ್ಯಾನು ಹಿಂಬದಿಯಲ್ಲಿರುವುದರಿಂದ ಮುಂದಿನ ಅಂಚಿನ ಹೊಗೆ ತಡೆದು ಹೋಗುತ್ತದೆ, ನಳಿಕೆಗೆ ಗಾಳಿ ಊದುವ ಪಂಪು ಮೀನಿನ ತೊಟ್ಟಿಯದು, ಅದರ ಬಲ ಸಾಲದು. ದೊಡ್ಡ ಪಂಪು ಬರುವವರೆಗೆ ಸೂಕ್ಷ್ಮ ಅಕ್ಷರದ ಕೆಲಸವನ್ನು ಬೆಡ್ಡಿನ ಹಿಂಭಾಗದಲ್ಲೇ ಇಟ್ಟು ಕೊರೆಸುತ್ತಿದ್ದಾರೆ. ಟ್ಯೂಬು ಹಳೆಯದೇ ಇದೆ. ಜೂನ್ ಬಂದು ಗಾಳಿಯಲ್ಲಿ ತೇವ ಏರಿದಾಗ ಮಂಜುಗಡ್ಡೆಯ ಬಾಟಲಿ ಕಡಿಮೆ ಮಾಡಿ ನೀರನ್ನು 24ರ ಆಸುಪಾಸಿನಲ್ಲಿ ಇಡಲು ತಮ್ಮನಿಗೆ ಹೇಳಿದ್ದೇನೆ. ತೀರ ತಣ್ಣಗಾದ ಟ್ಯೂಬಿನ ಗಾಜಿನ ಮೇಲೆ ಹನಿ ಕಟ್ಟುತ್ತದೆ, ಆ ಹನಿಯ ಮೂಲಕ ಹೈ ವೋಲ್ಟೇಜ್ ಹಾರಬಹುದು. ಹನಿ ಕಂಡರೆ ಒರೆಸಿ, ಪೂರ್ತಿ ಒಣಗುವವರೆಗೆ ಲೇಸರ್ ಉರಿಸುವಂತಿಲ್ಲ.